ಮೂನ್ ನೈಟ್ ಓದಬೇಕಾ? ಮೊದಲು ವಿಲನ್ ಆರಿಸಿ

ಮಾರ್ವೆಲ್ ಕಾಮಿಕ್ಸ್‌ನ ಹೀರೋ ಮೂನ್ ನೈಟ್‌ನ ಕಥೆ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಹೊಸಬರು ಯಾರಾದರೂ ಕೇಳಿದರೆ ಸಾಕು, ನಾವು ಫ್ಯಾನ್‌ಗಳು ಬರಹಗಾರರ ಹೆಸರು ಒದರಲು ಶುರು ಮಾಡುತ್ತೇವೆ. ಒಬ್ಬ ಎಲಿಸ್ ಅನ್ನುತ್ತಾನೆ. ಇನ್ನೊಬ್ಬ ಲೆಮೀರ್ ಅನ್ನುತ್ತಾನೆ. ಅಷ್ಟರಲ್ಲಿ ಹಳಬನೊಬ್ಬ ಬಂದು, 1980ರ ಸರಣಿಯಿಂದ ಓದದೇ ಇದ್ದರೆ ಓದಿದ ಲೆಕ್ಕವೇ ಅಲ್ಲ ಎಂದು ಗದರಿ ಹೋಗುತ್ತಾನೆ. ಈ ಹೆಸರುಗಳೆಲ್ಲ ಗೊತ್ತಿದ್ದರೆ ಆ ಪಾಪದವನು ಕೇಳುತ್ತಲೇ ಇರಲಿಲ್ಲ, ಅಲ್ವಾ?

ನಾನು ಬೇರೆ ದಾರಿ ಹೇಳುತ್ತೇನೆ. ಬರಹಗಾರ ಯಾರು ಅನ್ನೋದು ಆಮೇಲೆ. ಮೊದಲು ವಿಲನ್ ಆರಿಸಿ. ಈ ಪಾತ್ರವನ್ನು ಸುಮಾರು ಐವತ್ತು ವರ್ಷಗಳಲ್ಲಿ ಬೇಕಾದಷ್ಟು ಜನ ಬೇಕಾದಷ್ಟು ಸಲ ಕೆಡವಿ ಕಟ್ಟಿದ್ದಾರೆ. ಒಂದೊಂದು ಸಲವೂ ಅವನ ಎದುರು ಯಾರನ್ನು ನಿಲ್ಲಿಸಿದರು ಎಂದು ನೋಡಿದರೆ ಒಳಗೆ ಯಾವ ಮೂನ್ ನೈಟ್ ಇದ್ದಾನೆ ಎಂದು ಅರ್ಧ ಗೊತ್ತಾಗಿಬಿಡುತ್ತದೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಮಾರ್ವೆಲ್‌ನ ಮೂನ್ ನೈಟ್ ಮೊದಲು ಕಾಣಿಸಿಕೊಂಡಿದ್ದು 1975ರಲ್ಲಿ, 'ವೇರ್‌ವುಲ್ಫ್ ಬೈ ನೈಟ್' ಸರಣಿಯ 32ನೇ ಸಂಚಿಕೆಯಲ್ಲಿ. ಬರೆದವರು ಡಗ್ ಮೋಂಚ್, ಚಿತ್ರ ಡಾನ್ ಪರ್ಲಿನ್. ಆ ಕಥೆಯ ನಾಯಕ ತೋಳಮನುಷ್ಯ. ಅವನನ್ನು ಹಿಡಿದು ತರಲು ಕಮಿಟಿ ಎಂಬ ಗುಂಪು ದುಡ್ಡು ಕೊಟ್ಟು ಕಳಿಸಿದ ಬಾಡಿಗೆ ಸೈನಿಕನೇ ನಮ್ಮವನು. ಬೆಳ್ಳಿ ಆಯುಧ, ಬಿಳಿ ಮುಸುಕು, ಎಲ್ಲ ತೋಳಕ್ಕಾಗಿಯೇ. ಅಂದರೆ ಇವನು ಬಂದಿದ್ದೇ ಇನ್ನೊಬ್ಬನ ವಿಲನ್ ಆಗಿ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನ ಸ್ವಂತ ಸರಣಿ ಶುರುವಾಗಿದ್ದು 1980ರಲ್ಲಿ. ಮೋಂಚ್ ಅವರೇ ಬರೆದರು, ಚಿತ್ರ ಬಿಲ್ ಸಿಂಕೆವಿಚ್ ಅವರದು. ಮಾರ್ಕ್ ಸ್ಪೆಕ್ಟರ್ ಎಂಬ ಬಾಡಿಗೆ ಸೈನಿಕ ಮರುಭೂಮಿಯಲ್ಲಿ ಸತ್ತು, ಈಜಿಪ್ಟಿನ ಚಂದ್ರದೇವ ಖೊನ್ಶುವಿನ ವಿಗ್ರಹದ ಕಾಲಡಿ ಮತ್ತೆ ಕಣ್ಣು ಬಿಡುತ್ತಾನೆ. ನ್ಯೂಯಾರ್ಕಿಗೆ ಮರಳಿ ಮೂರು ಹೆಸರಿನಲ್ಲಿ ಬದುಕುತ್ತಾನೆ. ಸ್ಟೀವನ್ ಗ್ರಾಂಟ್ ಕೋಟ್ಯಧಿಪತಿ. ಜೇಕ್ ಲಾಕ್ಲಿ ಟ್ಯಾಕ್ಸಿ ಡ್ರೈವರ್. ಮಾರ್ಕ್ ಅಂದರೆ ಯಾರಿಗೂ ಹೇಳಿಕೊಳ್ಳಲಾಗದ ಹಳೇ ಬದುಕು. ಮೊದಲಿಗೆ ಇವು ಬರೀ ವೇಷಗಳು. ಆಮೇಲೆ ಬಂದವರು ಇದನ್ನು ನಿಜವಾದ ಮಾನಸಿಕ ಸಮಸ್ಯೆ ಎಂದೇ ಬರೆದರು. ಒಂದೇ ತಲೆಯಲ್ಲಿ ಮೂವರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಸ್ಥಿತಿ.

ಇವನ ಮೇಲೆ ಎರಡು ದೂರು ಸದಾ ಇವೆ. ಒಂದು, ಇವನು ಬಡವರ ಬ್ಯಾಟ್‌ಮನ್. ಎರಡು, ಇವನಿಗೆ ಒಳ್ಳೆಯ ವಿಲನ್‌ಗಳೇ ಇಲ್ಲ. ಮೊದಲನೆಯದಕ್ಕೆ ನಾನು ಜಗಳ ಆಡಲ್ಲ. ಮುಸುಕು, ದುಡ್ಡು, ರಾತ್ರಿ, ಹಾರುವ ವಾಹನ ಎಲ್ಲ ಇದೆ, ಹಾಗೆ ಅನ್ನಿಸಿದರೆ ತಪ್ಪಲ್ಲ. ಎರಡನೆಯದು ಮಾತ್ರ ಸುಳ್ಳು. ವಿಲನ್‌ಗಳು ಇದ್ದಾರೆ, ಆದರೆ ಅವರನ್ನು ಒಂದೆರಡು ಸಲ ಬಳಸಿ ಮೂಲೆಗೆ ಎಸೆದಿದ್ದಾರೆ ಅಷ್ಟೆ. ಸಾಲದ್ದಕ್ಕೆ, 1982ರಲ್ಲಿ 15ನೇ ಸಂಚಿಕೆಯಿಂದ ಮಾರ್ವೆಲ್ ಈ ಸರಣಿಯನ್ನು ಸಾಮಾನ್ಯ ಪತ್ರಿಕೆ ಅಂಗಡಿಗಳಿಗೆ ಕಳಿಸುವುದನ್ನೇ ನಿಲ್ಲಿಸಿ, ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳಿಗೆ ಕಳಿಸತೊಡಗಿತು. ದಾರಿಯಲ್ಲಿ ಹೋಗುವ ಹುಡುಗ ಸುಮ್ನೆ ಎತ್ತಿಕೊಂಡು ಓದುವ ಅವಕಾಶ ಅಲ್ಲಿಗೆ ಹೋಯಿತು. ಸರಣಿಯ ಅತಿ ಒಳ್ಳೆಯ ಕೆಲವು ಸಂಚಿಕೆಗಳು ಬಂದಿದ್ದು ಅದರ ನಂತರವೇ ಅನ್ನೋದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಬ್ಯಾಟ್‌ಮನ್‌ಗೂ ಇವನಿಗೂ ನಿಜವಾದ ವ್ಯತ್ಯಾಸ ವಿಲನ್‌ಗಳಲ್ಲೇ ಇದೆ. ಇವನ ಮುಖ್ಯ ಶತ್ರುಗಳಲ್ಲಿ ಹೆಚ್ಚಿನವರು ಹಳೇ ಸಾಲ ವಸೂಲಿಗೆ ಬಂದವರು. ಒಬ್ಬ ಇವನ ಹಳೇ ಬಾಸ್. ಒಬ್ಬ ಇವನ ಒಡಹುಟ್ಟಿದ ತಮ್ಮ. ಒಬ್ಬ ಇವನ ಜೊತೆಗೇ ಕೆಲಸ ಮಾಡಿದ ಹುಡುಗ. ಒಬ್ಬ ಇವನ ವೇಷವನ್ನೇ ಕಪ್ಪಗೆ ಹೊಲಿಸಿಕೊಂಡವನು. ಎಲ್ಲರಿಗಿಂತ ದೊಡ್ಡವನು ಇವನಿಗೆ ಜೀವ ಕೊಟ್ಟ ದೇವರು. ಮಾಡಿದ್ದುಣ್ಣೋ ಮಹರಾಯ ಅನ್ನೋದನ್ನು ಕಾಮಿಕ್ಸ್ ಮಾಡಿದರೆ ಇದೇ ಆಗುತ್ತದೆ. ಹಾಗಾಗಿ ಯಾರ ಸಾಲದಿಂದ ಶುರು ಮಾಡಬೇಕು ಅನ್ನೋದೇ ನಿಮ್ಮ ಮುಂದಿರುವ ಪ್ರಶ್ನೆ.

ಬುಷ್‌ಮನ್: ಎರಡು ಕಡೆ ಸಿಗುತ್ತಾನೆ, ಎರಡೂ ಒಂದೇ ಅಲ್ಲ

ಬುಷ್‌ಮನ್ ಬಾಡಿಗೆ ಸೈನಿಕರ ನಾಯಕ. ಮುಖದ ತುಂಬ ತಲೆಬುರುಡೆಯ ಹಚ್ಚೆ, ಬಾಯಲ್ಲಿ ಲೋಹದ ಹಲ್ಲು. 1980ರ ಮೊದಲ ಸಂಚಿಕೆಯಲ್ಲೇ ಬರುತ್ತಾನೆ. ಮಾರ್ಕ್ ಇವನ ಕೈಕೆಳಗೆ ದುಡಿಯುತ್ತಿರುತ್ತಾನೆ. ಸುಡಾನ್ ಕಡೆ ಹಳೇ ಗೋರಿಯೊಂದನ್ನು ಅಗೆಯುತ್ತಿದ್ದ ಸಂಶೋಧಕ ಆಲ್‌ರಾನ್ ಅವರನ್ನು ಚಿನ್ನದ ಆಸೆಗೆ ಬುಷ್‌ಮನ್ ಕೊಲ್ಲುತ್ತಾನೆ. ಅಲ್ಲಿಯವರೆಗೆ ಏನೇನೋ ಮಾಡಿಕೊಂಡು ಬಂದಿದ್ದ ಮಾರ್ಕ್‌ಗೆ ಆ ದಿನ ತಡೆಯುವುದಿಲ್ಲ, ತಿರುಗಿ ಬೀಳುತ್ತಾನೆ. ಬುಷ್‌ಮನ್ ಅವನನ್ನು ಹೊಡೆದು ಮರಳಲ್ಲಿ ಸಾಯಲು ಬಿಟ್ಟು ಹೋಗುತ್ತಾನೆ. ಸತ್ತ ಸಂಶೋಧಕರ ಮಗಳು ಮಾರ್ಲೀನ್, ಮುಂದೆ ಮಾರ್ಕ್‌ನ ಪ್ರೇಯಸಿ. ಈ ಸಂಬಂಧ ಎಷ್ಟು ಮುಜುಗರದ್ದು ಎಂದು ಸ್ವಲ್ಪ ಯೋಚಿಸಿ ನೋಡಿ. ಅಪ್ಪನನ್ನು ಕೊಂದ ಗುಂಪಿನಲ್ಲೇ ಇದ್ದವನನ್ನು ಅವಳು ಪ್ರೀತಿಸಬೇಕು. ಆ ಕಾಲದ ಕಾಮಿಕ್ಸ್ ಇದನ್ನು ಬೇಗ ದಾಟಿಕೊಂಡು ಹೋಗುತ್ತದೆ, ಆದರೆ ಓದುವವರಿಗೆ ಅದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದುಬಿಡುತ್ತದೆ.

ಆಫ್ರಿಕಾದವನಾದ ಬುಷ್‌ಮನ್‌ನನ್ನು ಆ ಕಾಲದವರು ಬರೆದ ರೀತಿ ಇವತ್ತು ಓದಲು ಸ್ವಲ್ಪ ಕಸಿವಿಸಿ. ಹೆಸರಿನಿಂದ ಹಿಡಿದು ಹಚ್ಚೆಯವರೆಗೆ. ಅದನ್ನು ಗೊತ್ತಿದ್ದೇ ಓದಬೇಕು.

ಎರಡನೇ ಬುಷ್‌ಮನ್ ಸಿಗುವುದು 2006ರ ಸರಣಿಯಲ್ಲಿ. ಬರೆದವರು ಚಾರ್ಲಿ ಹ್ಯೂಸ್ಟನ್, ಚಿತ್ರ ಡೇವಿಡ್ ಫಿಂಚ್. ಇಲ್ಲಿ ಬುಷ್‌ಮನ್ ಸತ್ತಿದ್ದಾನೆ, ಆದರೂ ಪ್ರತಿ ಎರಡನೇ ಪುಟದಲ್ಲಿ ಇದ್ದಾನೆ. ಕೊನೆಯ ಜಗಳದಲ್ಲಿ ಮೂನ್ ನೈಟ್ ಅವನ ಮುಖವನ್ನೇ ಸುಲಿದು ಹಾಕಿದ್ದಾನೆ. ತನ್ನ ಕಾಲೂ ಮುರಿದುಕೊಂಡಿದ್ದಾನೆ. ನೋವಿನ ಮಾತ್ರೆ ನುಂಗಿಕೊಂಡು, ಗೆಳೆಯರನ್ನೆಲ್ಲ ದೂರ ಮಾಡಿಕೊಂಡು, ಮನೆಯ ಕತ್ತಲಲ್ಲಿ ಕೂತಿದ್ದಾನೆ. ಅವನ ಹತ್ತಿರ ಮಾತಾಡಲು ಬರುವ ಖೊನ್ಶು ಯಾವ ರೂಪದಲ್ಲಿ ಬರುತ್ತಾನೆ ಗೊತ್ತಾ? ಮುಖ ಇಲ್ಲದ ಬುಷ್‌ಮನ್ ರೂಪದಲ್ಲಿ. ದೇವರೂ ಪಾಪವೂ ಒಂದೇ ಬಾಯಿಂದ ಮಾತಾಡಿದ ಹಾಗೆ. ಇಡೀ ಐವತ್ತು ವರ್ಷದಲ್ಲಿ ಇದಕ್ಕಿಂತ ಗಟ್ಟಿ ಐಡಿಯಾ ಈ ಪಾತ್ರಕ್ಕೆ ಯಾರೂ ಕೊಟ್ಟಿಲ್ಲ ಅನ್ನೋದು ನನ್ನ ಅಭಿಪ್ರಾಯ, ಬೇಕಾದರೆ ಜಗಳ ಆಡಿ.

ಹಾಗಾದರೆ ಯಾವ ಬುಷ್‌ಮನ್? ಸಾಹಸದ ಕಥೆ, ಹೆಲಿಕಾಪ್ಟರು, ಅದನ್ನು ಹಾರಿಸುವ ಗೆಳೆಯ ಫ್ರೆಂಚಿ, ಟ್ಯಾಕ್ಸಿ ಸೀಟಿನ ಹಿಂದೆ ಪಿಸುಮಾತು ಇದೆಲ್ಲ ಬೇಕಾದರೆ 1980. ಅದರಲ್ಲಿ ಮಾತು ಜಾಸ್ತಿ, ಯೋಚನೆಯ ಗುಳ್ಳೆಗಳೂ ಜಾಸ್ತಿ. ಅಭ್ಯಾಸ ಇಲ್ಲದವರಿಗೆ ಮೊದಲ ನಾಲ್ಕೈದು ಸಂಚಿಕೆ ನಿಧಾನ ಅನ್ನಿಸುತ್ತದೆ. 2006ರದ್ದು ಉಲ್ಟಾ, ಓಡುತ್ತದೆ. ಆದರೆ ರಕ್ತ ವಿಪರೀತ. ಊಟದ ಹೊತ್ತಿಗೆ ಓದಬೇಡಿ. ಇನ್ನೊಂದು ಮಾತು, 2006ರದ್ದು ಬಿದ್ದವನ ಕಥೆ. ಅವನು ಮೊದಲು ಎಷ್ಟು ಎತ್ತರದಲ್ಲಿದ್ದ ಎಂದು ಗೊತ್ತಿಲ್ಲದವರಿಗೆ ಬಿದ್ದ ನೋವು ಪೂರ್ತಿ ತಟ್ಟುವುದಿಲ್ಲ. ಹಾಗಾಗಿ ಮೊದಲ ಪುಸ್ತಕವಾಗಿ ಅದನ್ನು ನಾನು ಯಾರಿಗೂ ಕೊಡಲ್ಲ. ಕನಿಷ್ಠ 1980ರ ಮೊದಲ ಸಂಚಿಕೆ ಒಂದಾದರೂ ಓದಿ ಬನ್ನಿ.

ಅದೇ 2006ರ ಸರಣಿಯಲ್ಲಿ ಸಾಲ ವಸೂಲಿಗೆ ಬಂದ ಇನ್ನಿಬ್ಬರು ಸಿಗುತ್ತಾರೆ. ಒಂದು, ಆ ಹಳೇ ಕಮಿಟಿಯೇ ಹೊಸ ಜನರೊಂದಿಗೆ ಮತ್ತೆ ಬರುತ್ತದೆ. ಎರಡು, ಜೆಫ್ ವೈಲ್ಡ್. 1980ರ ಮೂರನೇ ಸಂಚಿಕೆಯಲ್ಲಿ ಮಿಡ್‌ನೈಟ್ ಮ್ಯಾನ್ ಎಂಬ ಕಳ್ಳ ಬರುತ್ತಾನೆ. ಬೆಲೆಬಾಳುವ ಕಲಾವಸ್ತುಗಳನ್ನು ನಡುರಾತ್ರಿಯಲ್ಲಿ ಕದಿಯುವವನು. ಅವನ ಮಗ ಈ ಜೆಫ್. ಮುಂದೆ 1989ರ ಸರಣಿಯಲ್ಲಿ ಮೂನ್ ನೈಟ್‌ನ ಜೊತೆಗಾರನಾಗಲು ಬರುತ್ತಾನೆ, ಸೋತು, ಯಂತ್ರದ ದೇಹದವನಾಗಿ, ಕೈಬಿಟ್ಟು ಹೋದವರ ಪಟ್ಟಿಗೆ ಸೇರುತ್ತಾನೆ. 2006ರಲ್ಲಿ ಮರಳಿ ಬರುವಾಗ ಅವನು ಕೊಲೆಗಾರ. ಕಳ್ಳನ ಮಗ, ಶಿಷ್ಯ, ಕೊಲೆಗಾರ. ಸುಮ್ನೆ ಒಬ್ಬ ಚಿಲ್ಲರೆ ಕಳ್ಳನಿಂದ ಶುರುವಾದ ಎಳೆ ಇಷ್ಟು ದೂರ ಬರುತ್ತದೆ ಎಂದು 1981ರಲ್ಲಿ ಓದಿದವರು ಕನಸಲ್ಲೂ ಅಂದುಕೊಂಡಿರಲ್ಲ.

1980ರ ಸರಣಿಯ ಸಣ್ಣ ವಿಲನ್‌ಗಳು: ನನ್ನ ವೋಟು ಇಲ್ಲಿಗೆ

ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ, ಕ್ಷಮಿಸಿ. ಯಾಕೆಂದರೆ ಈ ಸರಣಿ ಬುಷ್‌ಮನ್‌ನ ಸರಣಿಯೇ ಅಲ್ಲ. ಅವನಿಗಿಂತ ಒಳ್ಳೆಯವರು ಇಲ್ಲಿ ಒಂದೊಂದು ಸಂಚಿಕೆಗೆ ಬಂದು ಹೋಗುತ್ತಾರೆ.

14ನೇ ಸಂಚಿಕೆಯ ಸ್ಕಾರ್ಲೆಟ್ ತೆಗೆದುಕೊಳ್ಳಿ. ಪೂರ್ತಿ ಹೆಸರು ಸ್ಟೇನ್ಡ್ ಗ್ಲಾಸ್ ಸ್ಕಾರ್ಲೆಟ್. ಒಂದು ಕಾಲದಲ್ಲಿ ನನ್ ಆಗಿದ್ದವಳು. ಅದನ್ನು ಬಿಟ್ಟು ಒಬ್ಬ ಗ್ಯಾಂಗ್‌ಸ್ಟರ್‌ನ ಮದುವೆಯಾದಳು. ಮಗ ಅಪ್ಪನಿಗಿಂತ ಕ್ರೂರಿಯಾಗಿ ಬೆಳೆದ. ಪಾಳು ಚರ್ಚಿನಲ್ಲಿ ಬಣ್ಣದ ಗಾಜಿನ ಕಿಟಕಿಗಳ ನಡುವೆ ಒಬ್ಬಳೇ ಬದುಕುವ ಅವಳು ಕೊನೆಗೆ ತನ್ನ ಕೈಯಾರೆ ಆ ಮಗನನ್ನು ಕೊಲ್ಲುತ್ತಾಳೆ. ಅವಳನ್ನು ವಿಲನ್ ಎಂದು ಕರೆಯಬೇಕಾ ಅನ್ನೋದೇ ಪ್ರಶ್ನೆ. 24ನೇ ಸಂಚಿಕೆಯಲ್ಲಿ ಬಿಲ್ಲು ಹಿಡಿದು ಮಾಫಿಯಾದವರನ್ನು ಹುಡುಕಿ ಹುಡುಕಿ ಕೊಲ್ಲಲು ಹೊರಟಾಗ ಮೂನ್ ನೈಟ್ ಅವಳನ್ನು ತಡೆಯಬೇಕು. ಯಾವ ಬಾಯಲ್ಲಿ ತಡೆಯುತ್ತಾನೆ? ಅವನು ಮಾಡಿದ್ದು ಅದನ್ನೇ ಅಲ್ವಾ, ಅದೂ ದುಡ್ಡಿಗೆ.

ಮಾರ್ಫಿಯಸ್ ಇನ್ನೊಬ್ಬ. 12ನೇ ಸಂಚಿಕೆ. ರಾಬರ್ಟ್ ಮಾರ್ಕಮ್ ಒಬ್ಬ ರೋಗಿ. ಪ್ರಯೋಗದ ಹಂತದಲ್ಲಿದ್ದ ಔಷಧಿ ಕೊಟ್ಟರು, ಅದರಿಂದ ಅವನಿಗೆ ನಿದ್ದೆ ಅನ್ನೋದೇ ಹೋಯಿತು. ನಿದ್ದೆ ಇಲ್ಲ, ಕನಸಿಲ್ಲ, ಒಳಗೆ ಕಟ್ಟಿಕೊಂಡ ಕನಸೆಲ್ಲ ಕಪ್ಪು ಶಕ್ತಿಯಾಗಿ ಹೊರಗೆ ಚಿಮ್ಮುತ್ತದೆ. ಔಷಧಿ ಕೊಟ್ಟ ಡಾಕ್ಟರ್ ಮಾರ್ಲೀನ್‌ಳ ಅಣ್ಣ. ಇದು ಮೂನ್ ನೈಟ್‌ನ ಸಾಲ ಅಲ್ಲ, ಒಪ್ಪುತ್ತೇನೆ, ಆದರೂ ಮನೆಯವರದೇ. ಎರಡು ರಾತ್ರಿ ನಿದ್ದೆಗೆಟ್ಟವರಿಗೆ ಈ ವಿಲನ್ ಮೇಲೆ ಸಿಟ್ಟು ಬರಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ. 22 ಮತ್ತು 23ರಲ್ಲಿ ಅವನು ಮತ್ತೆ ಬರುವಾಗ ಸಿಂಕೆವಿಚ್ ಅವರ ಕೈ ಪೂರ್ತಿ ಬದಲಾಗಿರುತ್ತದೆ. ಮೊದಲ ಸಂಚಿಕೆಗಳಲ್ಲಿ ಅಚ್ಚುಕಟ್ಟಾಗಿ, ಆ ಕಾಲದ ದೊಡ್ಡ ಕಲಾವಿದರನ್ನು ನೋಡಿ ಕಲಿತ ಹುಡುಗನ ಹಾಗೆ ಬರೆಯುತ್ತಿದ್ದವರು ಇಲ್ಲಿಗೆ ಬರುವಷ್ಟರಲ್ಲಿ ಮಸಿ ಚೆಲ್ಲಿ, ಗೀಚಿ, ಕತ್ತಲನ್ನೇ ಪಾತ್ರ ಮಾಡಿಬಿಟ್ಟಿದ್ದಾರೆ. ಒಬ್ಬ ಕಲಾವಿದ ನಮ್ಮ ಕಣ್ಣೆದುರೇ ಇನ್ನೊಬ್ಬನಾಗುವುದನ್ನು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಸರಣಿ ನನಗೆ ಗೊತ್ತಿಲ್ಲ.

ಆಮೇಲೆ 25ನೇ ಸಂಚಿಕೆಯ ಬ್ಲ್ಯಾಕ್ ಸ್ಪೆಕ್ಟರ್. ಕಾರ್ಸನ್ ನೋಲ್ಸ್ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕ. ಮನೆ ಇಲ್ಲ, ಮರ್ಯಾದೆ ಇಲ್ಲ. ಮೂನ್ ನೈಟ್‌ನನ್ನು ನೋಡಿ ಅದೇ ವೇಷವನ್ನು ಕಪ್ಪಲ್ಲಿ ಮಾಡಿಕೊಳ್ಳುತ್ತಾನೆ, ಹಗಲಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಗೆ ನಿಲ್ಲುತ್ತಾನೆ. ಇಬ್ಬರೂ ಯುದ್ಧದಿಂದ ಬಂದವರೇ. ಒಬ್ಬನಿಗೆ ಕೋಟಿ ಕೋಟಿ ದುಡ್ಡು, ಗೆಳೆಯರು, ದೇವರು ಸಿಕ್ಕಿದರು. ಇನ್ನೊಬ್ಬನಿಗೆ ಏನೂ ಸಿಗಲಿಲ್ಲ. ಕಥೆ ಅಷ್ಟೇ, ಆದರೆ ಅಷ್ಟು ಸಾಕು.

26ನೇ ಸಂಚಿಕೆಯಲ್ಲಿ ವಿಲನ್ ಅನ್ನೋರೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲಿ ಹೊಡೆತ ತಿಂದ ಒಬ್ಬ ಮನುಷ್ಯ ಬೀದಿಯಲ್ಲಿ ಎದುರು ಸಿಕ್ಕವರಿಗೆಲ್ಲ ಹೊಡೆಯುತ್ತಾ ಹೋಗುತ್ತಾನೆ, ಅಷ್ಟೆ. ಚಿತ್ರಗಳು ಜಾಜ್ ಸಂಗೀತದ ತಾಳಕ್ಕೆ ಕುಣಿಯುತ್ತವೆ. ಇದರ ಬಗ್ಗೆ ಜಾಸ್ತಿ ಹೇಳಿ ಹಾಳು ಮಾಡಲ್ಲ.

ಈ ಸರಣಿ ಒಟ್ಟು 38 ಸಂಚಿಕೆ. ಎಲ್ಲವನ್ನೂ ಓದಬೇಕಿಲ್ಲ. ಸಿಂಕೆವಿಚ್ 30ನೇ ಸಂಚಿಕೆಯ ಹೊತ್ತಿಗೆ ಚಿತ್ರ ಬರೆಯುವುದನ್ನು ಬಿಟ್ಟರು. ಆ ಮೇಲಿನವುಗಳಲ್ಲಿ 37 ಮತ್ತು 38 ಮಾತ್ರ ಬಿಡಬೇಡಿ, ಮಾರ್ಕ್ ತನ್ನ ಅಪ್ಪನ ಸಾವಿನೊಂದಿಗೆ ಮುಖಾಮುಖಿ ಆಗುವುದು ಅಲ್ಲಿ. ಅಪ್ಪ ಯಹೂದಿ ಧರ್ಮಗುರು, ಮಗ ಕೊಲೆಯ ಕೆಲಸಕ್ಕೆ ಹೋದವನು, ಈಗ ಈಜಿಪ್ಟಿನ ದೇವರ ಭಕ್ತ ಬೇರೆ. ಆ ಮನೆಯಲ್ಲಿ ಎಂಥ ಮೌನ ಇದ್ದಿರಬಹುದು ಎಂದು ಲೆಕ್ಕ ಹಾಕಿ.

ತಮ್ಮ ರ‍್ಯಾಂಡಲ್‌ನ ಕಥೆ ಈ ಸರಣಿಗಿಂತ ಮೊದಲೇ, ಹಲ್ಕ್ ಪತ್ರಿಕೆಯ ಹಿಂದಿನ ಪುಟಗಳಲ್ಲಿ ಬಂದಿತ್ತು. ಕೊಡಲಿ ಹಿಡಿದು ನರ್ಸ್‌ಗಳನ್ನು ಕೊಲ್ಲುವವನು ಯಾರು ಎಂದು ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ಒಡಹುಟ್ಟಿದವನೇ. ಸಿಕ್ಕರೆ ಓದಿ, ಹುಡುಕಿಕೊಂಡು ಹೋಗುವಷ್ಟು ಮೊದಲ ದಿನವೇ ಬೇಡ.

ಎದುರಾಳಿ ಮುಖ್ಯವೇ ಅಲ್ಲ ಅನ್ನುವವರಿಗೆ: 2014

ವಾರನ್ ಎಲಿಸ್ ಬರೆದು, ಡೆಕ್ಲನ್ ಶಾಲ್ವಿ ಚಿತ್ರ ಬರೆದು, ಜೋರ್ಡಿ ಬೆಲ್ಲೇರ್ ಬಣ್ಣ ಹಾಕಿದ ಆರು ಸಂಚಿಕೆಗಳು. ಒಂದೊಂದು ಸಂಚಿಕೆಯೂ ಬೇರೆ ಕಥೆ. ಬಿಳಿ ಸೂಟು, ಬಿಳಿ ಮುಸುಕು ಹಾಕಿದ ಮಿಸ್ಟರ್ ನೈಟ್ ಜನರಿಗೆ ಇಷ್ಟವಾಗಿದ್ದು ಇಲ್ಲಿಂದಲೇ. ಬೆಲ್ಲೇರ್ ಮಾಡಿದ ಒಂದು ಕಿತಾಪತಿ ನೋಡಿ. ಸುತ್ತಲಿನ ಎಲ್ಲಕ್ಕೂ ಬಣ್ಣ, ನೆರಳು ಇದೆ, ಅವನಿಗೆ ಮಾತ್ರ ಏನೂ ಇಲ್ಲ. ಖಾಲಿ ಕಾಗದದ ಬಿಳಿ. ಪುಟದಲ್ಲಿ ಅವನ ಆಕಾರಕ್ಕೆ ಕತ್ತರಿ ಹಾಕಿ ತೂತು ಮಾಡಿದ ಹಾಗೆ ಕಾಣುತ್ತಾನೆ.

ಎರಡನೇ ಸಂಚಿಕೆಯಲ್ಲಿ ಒಬ್ಬ ಸ್ನೈಪರ್. ಪುಟಕ್ಕೆ ಎಂಟು ಚೌಕ, ಎಂಟು ಜನರ ಬದುಕು ಒಟ್ಟಿಗೇ ಸಾಗುತ್ತಿದೆ. ಒಬ್ಬೊಬ್ಬರು ಗುಂಡಿಗೆ ಬಿದ್ದ ಹಾಗೆ ಆ ಚೌಕ ಖಾಲಿಯಾಗುತ್ತಾ ಹೋಗುತ್ತದೆ. ಒಂದು ಮಾತಿಲ್ಲದೆ ಲೆಕ್ಕ ಕೊಟ್ಟ ಹಾಗೆ. ಐದನೇ ಸಂಚಿಕೆಯಲ್ಲಿ ಒಂದು ಕಟ್ಟಡ, ಮೇಲಿನ ಮಹಡಿಯಲ್ಲಿ ಕಿಡ್ನಾಪ್ ಆದ ಹುಡುಗಿ, ಪ್ರತಿ ಮಹಡಿಯಲ್ಲೂ ರೌಡಿಗಳು. ಇವನು ಮೆಟ್ಟಿಲು ಹತ್ತುತ್ತಾನೆ. ಇಷ್ಟೇ ಕಥೆ. ಆ ಹುಡುಗಿಯ ಹೆಸರೂ ಸ್ಕಾರ್ಲೆಟ್, ಹಳಬರಿಗೆ ಒಂದು ಸಣ್ಣ ಕಣ್ಸನ್ನೆ.

ಹೊಸಬರಿಗೆ ಇದೇ ಸುಲಭ, ಯಾವ ಹಿನ್ನೆಲೆಯೂ ಬೇಡ. ಒಂದೇ ಕೂತಲ್ಲಿ ಮುಗಿಯುತ್ತದೆ. ಆದರೆ ಇದನ್ನು ಓದಿ ಇವನು ಅರ್ಥವಾದ ಎಂದುಕೊಂಡರೆ ಮೋಸ. ಇಲ್ಲಿ ಅವನು ಹೆಚ್ಚೂಕಡಿಮೆ ದೆವ್ವ. ಮಾರ್ಲೀನ್, ಫ್ರೆಂಚಿ ಯಾರೂ ಜೊತೆಗಿಲ್ಲ, ಪಕ್ಕದಲ್ಲಿ ಗೆಳೆಯ ಅನ್ನುವವರೇ ಇಲ್ಲ. ಆರನೇ ಸಂಚಿಕೆಯಲ್ಲಿ ಹೊಸ ಬ್ಲ್ಯಾಕ್ ಸ್ಪೆಕ್ಟರ್ ಬರುತ್ತಾನೆ, ಈ ಸಲ ಒಬ್ಬ ಪೊಲೀಸ್. ಮೂನ್ ನೈಟ್‌ಗೆ ಸಿಗುವ ಮರ್ಯಾದೆ ತನಗೂ ಸಿಗಬೇಕು ಅನ್ನೋ ಹಠ ಅವನದು. ನೋಲ್ಸ್‌ನ ಕಥೆ ಓದಿದ್ದರೆ ಈ ಸಂಚಿಕೆ ಎರಡು ಪಟ್ಟು ರುಚಿ, ಓದದಿದ್ದರೆ ಇನ್ನೊಂದು ಒಳ್ಳೆಯ ಫೈಟ್ ಅಷ್ಟೆ.

ಖೊನ್ಶು: ದೇವರೇ ವಿಲನ್ ಆದರೆ

2016ರ ಜೆಫ್ ಲೆಮೀರ್ ಮತ್ತು ಗ್ರೆಗ್ ಸ್ಮಾಲ್‌ವುಡ್ ಜೋಡಿಯ 14 ಸಂಚಿಕೆ. ಮಾರ್ಕ್ ಕಣ್ಣು ಬಿಟ್ಟಾಗ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ. ನೀನು ಚಿಕ್ಕಂದಿನಿಂದ ಇಲ್ಲೇ ಇದ್ದೀಯ, ಮೂನ್ ನೈಟ್ ಅನ್ನೋದೆಲ್ಲ ನಿನ್ನ ಕಲ್ಪನೆ ಅನ್ನುತ್ತಾರೆ. ಪಕ್ಕದ ಹಾಸಿಗೆಗಳಲ್ಲಿ ಅವನ ಹಳೇ ಗೆಳೆಯರೇ ರೋಗಿಗಳು. ನಿಜ ಯಾವುದು ಎಂದು ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ನಡುವಿನ ಸಂಚಿಕೆಗಳಲ್ಲಿ ಒಂದೊಂದು ವ್ಯಕ್ತಿತ್ವಕ್ಕೆ ಒಬ್ಬೊಬ್ಬ ಕಲಾವಿದ. ಸ್ಟೀವನ್‌ನ ಪುಟಗಳು ಒಂದು ಥರ, ಜೇಕ್‌ನವು ಇನ್ನೊಂದು ಥರ, ಚಂದ್ರನ ಮೇಲೆ ತೋಳಗಳ ಜೊತೆ ಬಾಹ್ಯಾಕಾಶ ಯುದ್ಧ ಮಾಡುವ ಮಾರ್ಕ್‌ನವು ಮತ್ತೊಂದು ಥರ. ಓದುತ್ತಾ ಓದುತ್ತಾ ಕೈಯಲ್ಲಿರುವ ಪುಸ್ತಕವೇ ಬದಲಾದ ಹಾಗೆ.

ಇಲ್ಲಿ ಸಾಲ ಕೊಟ್ಟವನು ಖೊನ್ಶು. ನಿನಗೆ ಜೀವ ಕೊಟ್ಟೆ, ನಿನ್ನ ದೇಹ ಕೊಡು ಎಂದು ಕೇಳುತ್ತಾನೆ. ಈ ದೇವರು ಬರಹಗಾರರ ಕಲ್ಪನೆ ಅಲ್ಲ, ಈಜಿಪ್ಟಿನವರು ಪೂಜಿಸಿದವನೇ. ಕಾರ್ನಾಕ್‌ನಲ್ಲಿ ಅವನ ದೇವಸ್ಥಾನ ಇವತ್ತಿಗೂ ನಿಂತಿದೆ, ಹೆಸರಿಗೆ ಅಲೆಯುವವನು, ಪಯಣಿಗ ಎಂದು ಅರ್ಥ. ರಾತ್ರಿ ಪಯಣಿಗರನ್ನು ಕಾಯುವುದು ಮೂನ್ ನೈಟ್‌ನ ಕೆಲಸ ಅನ್ನೋ ಮಾತು ಆ ಅರ್ಥಕ್ಕೆ ಚೆನ್ನಾಗಿ ಕೂರುತ್ತದೆ. ಲೆಮೀರ್ ಕಥೆಯ ಕೊನೆಯಲ್ಲಿ ಮಾರ್ಕ್ ಈ ದೇವರಿಗೆ ಏನು ಉತ್ತರ ಕೊಡುತ್ತಾನೆ ಅನ್ನೋದನ್ನು ನಾನು ಹೇಳಲ್ಲ. ಅದಕ್ಕೋಸ್ಕರ ಓದಬೇಕು.

2014 ಮತ್ತು 2016ರ ನಡುವೆ ಆರಿಸಬೇಕಾದವರೇ ಜಾಸ್ತಿ. ಎರಡೂ ಚಿಕ್ಕವು, ಎರಡೂ ಚಂದ. ನನ್ನ ಉತ್ತರ ಇಷ್ಟು: ಹೊಡೆದಾಟ ನೋಡಿ ಖುಷಿಯಾಗುವವರು 2014 ಹಿಡಿಯಿರಿ, ಸಿನಿಮಾ ಮುಗಿದ ಮೇಲೂ ಕೊನೆಯ ದೃಶ್ಯದ ಬಗ್ಗೆ ವಾದ ಮಾಡುವವರು 2016 ಹಿಡಿಯಿರಿ. ಒಂದು ಎಚ್ಚರಿಕೆ. ಲೆಮೀರ್ ಅವರದು ಮೊದಲ ಪುಸ್ತಕವಾದರೆ ಗೆಳೆಯರು ಯಾರು ಎಂದು ಗೊತ್ತಿಲ್ಲದೆ ಸ್ವಲ್ಪ ತಡವರಿಸುತ್ತೀರಿ. ನನ್ನ ಗೆಳೆಯನೊಬ್ಬ ಹಾಗೇ ಶುರು ಮಾಡಿ, ಮೂರನೇ ಸಂಚಿಕೆಗೆ ಬಂದು, ಈ ಮುದುಕ ಕ್ರಾಲಿ ಯಾರಪ್ಪಾ, ನಾನು ಯಾಕೆ ಅಳಬೇಕು ಎಂದು ಕೇಳಿದ್ದ. ನ್ಯಾಯವಾದ ಪ್ರಶ್ನೆ. ಜೇಕ್‌ನ ಟ್ಯಾಕ್ಸಿಗೆ ಸುದ್ದಿ ತಂದು ಕೊಡುತ್ತಿದ್ದ ಆ ಬೀದಿಯ ಮುದುಕ 1980ರಿಂದ ಜೊತೆಗಿದ್ದವನು.

ಜೋಡಿಯಾಕ್: ವಾಸಿಯಾಗಲು ಬಿಡದವನು

2021ರಲ್ಲಿ ಜೆಡ್ ಮೆಕೇ ಬರೆದ ಸರಣಿ, ಚಿತ್ರ ಹೆಚ್ಚಾಗಿ ಅಲೆಸ್ಸಾಂಡ್ರೊ ಕಪೂಚೊ, ಒಟ್ಟು 30 ಸಂಚಿಕೆ. ಇಲ್ಲಿ ಮೂನ್ ನೈಟ್ ಮಿಡ್‌ನೈಟ್ ಮಿಷನ್ ಎಂಬ ಬಾಗಿಲು ತೆರೆದಿಟ್ಟು ಕೂತಿದ್ದಾನೆ. ಕಷ್ಟ ಇದ್ದವರು ಬಂದು ಹೇಳಿಕೊಳ್ಳಬಹುದು. ಜೊತೆಗೆ ಥೆರಪಿಸ್ಟ್ ಹತ್ತಿರ ಹೋಗುತ್ತಾನೆ, ಮುಸುಕು ಹಾಕಿಕೊಂಡೇ. ಅವನ ಮನಸ್ಸಿನ ಸಮಸ್ಯೆಯನ್ನು ಹುಚ್ಚು ಎಂದು ತಮಾಷೆ ಮಾಡದೆ, ಬದುಕುವ ಬಗೆ ಎಂದು ಬರೆದಿರುವುದು ಈ ಸರಣಿಯ ದೊಡ್ಡತನ.

ಜೋಡಿಯಾಕ್ ಮುಸುಕಿನ ಕೊಲೆಗಾರ. ಅವನಿಗೆ ದುಡ್ಡು ಬೇಡ, ನಗರ ಬೇಡ. ಹಳೇ ಕ್ರೂರಿ ಮೂನ್ ನೈಟ್ ಮರಳಿ ಬೇಕು. ಒಳ್ಳೆಯವನಾಗಲು ಹೊರಟವನನ್ನು ಕಂಡರೆ ಅವನಿಗೆ ಉರಿ. ಹಳೇ ಕಥೆಗಳಲ್ಲಿ ಮುಖ ಸುಲಿದಿದ್ದನ್ನು ನೋಡಿ ಚಪ್ಪಾಳೆ ಹೊಡೆದ ನಮ್ಮಂಥ ಓದುಗರೇ ಜೋಡಿಯಾಕ್ ಇರಬಹುದಾ ಎಂದು ನನಗೆ ಒಮ್ಮೊಮ್ಮೆ ಅನುಮಾನ. ಮಿಕ್ಕಿದ ಪಾತ್ರಗಳೂ ಗಟ್ಟಿ. ಖೊನ್ಶುವಿನ ಇನ್ನೊಂದು ಮುಷ್ಟಿ, ಅಂದರೆ ಅದೇ ದೇವರ ಪರ ಹೊಡೆದಾಡುವ ಡಾಕ್ಟರ್ ಬದ್ರ್, ರಕ್ತಪಿಶಾಚಿಯಾಗಿಬಿಟ್ಟ ರೀಸ್, ಬೆಕ್ಕಿನ ರೂಪದ ಹೀರೋಯಿನ್ ಟೈಗ್ರಾ. ಬಿಲಿಯರ್ಡ್ಸ್ ಚೆಂಡಿನ ತಲೆಯ ಏಯ್ಟ್ ಬಾಲ್ ಎಂಬ ಚಿಲ್ಲರೆ ವಿಲನ್‌ಗೂ ಇಲ್ಲಿ ಒಂದು ಮರ್ಯಾದೆ ಸಿಗುತ್ತದೆ, ಅದು ನನಗೆ ಬಹಳ ಇಷ್ಟ.

30ನೇ ಸಂಚಿಕೆಯಲ್ಲಿ ಅವನು ಸಾಯುತ್ತಾನೆ, ಎದುರಿಗೆ ಮತ್ತೊಬ್ಬ ಬ್ಲ್ಯಾಕ್ ಸ್ಪೆಕ್ಟರ್. ಆಮೇಲೆ ಮರಳಿ ಬರುತ್ತಾನೆ, ಕಾಮಿಕ್ಸ್ ತಾನೆ. ಆದರೂ ಮೂವತ್ತು ಸಂಚಿಕೆ ಒಬ್ಬನೇ ಬರಹಗಾರ ಉಸಿರು ಕಟ್ಟದೆ ಬರೆದ ಕಥೆ ಇದು. ನಿಧಾನವಾಗಿ, ಸಂಸಾರದಂಥ ಒಂದು ಗುಂಪಿನ ಜೊತೆ, ತಿಂಗಳುಗಟ್ಟಲೆ ಇರಬೇಕು ಅನ್ನುವವರಿಗೆ ಇದು. ಬೇರೆ ಯಾವ ಸರಣಿಯಲ್ಲೂ ಈ ಬೆಚ್ಚಗಿನ ಭಾವನೆ ಸಿಗಲ್ಲ.

ಬಿಟ್ಟರೂ ನಷ್ಟ ಇಲ್ಲದವು

1989ರ 60 ಸಂಚಿಕೆಗಳು. ಪೂರ್ತಿ ಓದಿದವರಿಗೆ ನಮಸ್ಕಾರ. ಜೆಫ್ ವೈಲ್ಡ್‌ನ ಭಾಗ ಮಾತ್ರ ತಿಳಿದರೆ ಸಾಕು.

2011ರ ಬೆಂಡಿಸ್ ಮತ್ತು ಮಲೀವ್ ಅವರದು 12 ಸಂಚಿಕೆ. ಕಥೆ ಲಾಸ್ ಏಂಜಲೀಸ್‌ನಲ್ಲಿ, ವಿಲನ್ ಕೌಂಟ್ ನೆಫಾರಿಯಾ. ಮಾರ್ಕ್‌ನ ತಲೆಯಲ್ಲಿ ಮಾತಾಡುವುದು ಸ್ಟೀವನ್, ಜೇಕ್ ಅಲ್ಲ, ಕ್ಯಾಪ್ಟನ್ ಅಮೆರಿಕ, ವುಲ್ವರಿನ್, ಸ್ಪೈಡರ್‌ಮನ್. ಓದಲು ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ನೆಫಾರಿಯಾಗೂ ಇವನಿಗೂ ಏನು ಲೆಕ್ಕ? ಯಾವ ಸಾಲವೂ ಇಲ್ಲ. ಎದುರಿಗೆ ಬೇರೆ ಯಾವ ಹೀರೋ ನಿಂತಿದ್ದರೂ ನಡೆಯುತ್ತಿತ್ತು. ನನಗೆ ಇದು ರುಚಿಸದೇ ಇದ್ದಿದ್ದು ಅದಕ್ಕೇ.

2017ರ ಮ್ಯಾಕ್ಸ್ ಬೆಮಿಸ್ ಸರಣಿಯಲ್ಲಿ ಸನ್ ಕಿಂಗ್ ಬರುತ್ತಾನೆ, ಚಂದ್ರನಿಗೆ ಎದುರು ಸೂರ್ಯ. ಐಡಿಯಾ ಚೆನ್ನಾಗಿದೆ, ಲೆಮೀರ್ ಆದ ಮೇಲೆ ತಕ್ಷಣ ಬಂದಿದ್ದು ಅದರ ದುರದೃಷ್ಟ. ಮೊದಲ ಓದಿಗೆ ಬೇಡ.

ಇಂಟರ್‌ನೆಟ್‌ನಲ್ಲಿ ಮೂನ್ ನೈಟ್ ಮೀಮ್ ನೋಡಿ ಬಂದವರಿಗೆ ಒಂದು ಮಾತು. ಅದರಲ್ಲಿರುವ ಡೈಲಾಗ್ ಯಾವ ಸಂಚಿಕೆಯಲ್ಲಿ ಇದೆ ಎಂದು ಹುಡುಕಬೇಡಿ, ಜನ ತಾವೇ ಬರೆದು ಅಂಟಿಸಿದ್ದು ಬೇಕಾದಷ್ಟಿದೆ. 2022ರ ಟಿವಿ ಸರಣಿ ನೋಡಿ ಬಂದವರ ಕಥೆ ಬೇರೆ. ಆರು ಎಪಿಸೋಡ್, ಆಸ್ಕರ್ ಐಸಾಕ್ ಅವರ ನಟನೆ ನಿಜವಾಗಿಯೂ ಚೆನ್ನಾಗಿದೆ. ಅದರ ವಿಲನ್ ಆರ್ಥರ್ ಹ್ಯಾರೋನನ್ನು ಕಾಮಿಕ್ಸ್‌ನಲ್ಲಿ ಹುಡುಕಿದರೆ ಸಿಗುವುದು 1985ರ 'ಫಿಸ್ಟ್ ಆಫ್ ಖೊನ್ಶು' ಸರಣಿಯ ಎರಡನೇ ಸಂಚಿಕೆಯಲ್ಲಿ. ಅಲ್ಲಿ ಅವನು ನೋವಿನ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ, ಟಿವಿಯ ಗುರುವಿಗೂ ಅವನಿಗೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ಅದಕ್ಕಾಗಿ ಅಲೆಯಬೇಡಿ. ಟಿವಿಯ ಆಸ್ಪತ್ರೆ ದೃಶ್ಯಗಳು ಇಷ್ಟವಾಗಿದ್ದರೆ ನೇರ ಲೆಮೀರ್‌ಗೆ ಹೋಗಿ, ಆ ಬಿಳಿ ಗೋಡೆಗಳ ಬೇರು ಅಲ್ಲೇ ಇದೆ. ಮಿಸ್ಟರ್ ನೈಟ್ ಸೂಟು ಇಷ್ಟವಾಗಿದ್ದರೆ 2014.

ಇಷ್ಟೆಲ್ಲ ಹೇಳಿದರೂ, ನನಗೆ ಸಮಯ ಇಲ್ಲ ಮಾರಾಯ, ಒಂದೇ ಸಂಜೆ ಇದೆ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಎರಡೇ ಸಂಚಿಕೆ. ಮೊದಲು 2014ರ ಐದನೆಯದು, ಮೆಟ್ಟಿಲು ಹತ್ತುವುದು. ಅದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ 1980ರ ಸರಣಿಯ 14ನೆಯದು. ಒಂದರಲ್ಲಿ ಸ್ಕಾರ್ಲೆಟ್ ಎಂಬ ಮಗುವನ್ನು ಕಾಪಾಡುತ್ತಾನೆ, ಇನ್ನೊಂದರಲ್ಲಿ ಸ್ಕಾರ್ಲೆಟ್ ಎಂಬ ತಾಯಿಯ ಎದುರು ಸುಮ್ಮನೆ ನಿಲ್ಲಬೇಕಾಗುತ್ತದೆ. ಎರಡನೆಯದು ಜಾಸ್ತಿ ಕಾಡಿದರೆ 12ನೇ ಸಂಚಿಕೆಗೆ ಹಿಂದೆ ಹೋಗಿ ಅಲ್ಲಿಂದ 26ರವರೆಗೆ ಓದಿ. ಮೊದಲನೆಯದೇ ಇಷ್ಟವಾದರೆ ಮಿಕ್ಕ ಐದನ್ನು ಮುಗಿಸಿ ಮೆಕೇ ಹಿಡಿಯಿರಿ. ಎರಡೂ ಏನೂ ಅನ್ನಿಸದಿದ್ದರೆ ಇವನನ್ನು ಬಿಟ್ಟುಬಿಡಿ. 2006ರದ್ದನ್ನು ಮಾತ್ರ ಆ ಸಿಟ್ಟಿನಲ್ಲಿ ತೆರೆಯಬೇಡಿ.